ಗೇರು ಬಿಗಿಯಾಗಿ ಬೀಳಬೇಕೆ? – ಟ್ರಕ್ಕಿನ ಸ್ವಯಂಚಾಲಿತ ಗೇರ್‌ಬಾಕ್ಸನ್ನು ಕುರಿತು ಒಂದು ವಿಚಾರ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ವಾಹನಗಳ ವಿಷಯವಾಗಿ ಕನ್ನಡದಲ್ಲಿ ಮಾತನಾಡಬೇಕೆಂದು ತಾವು ನನ್ನನ್ನು ಆಹ್ವಾನಿಸಿದ್ದೀರಿ. ಇದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ. ಎಂಜಿನ್, ಬ್ರೇಕು, ಟೈರುಗಳನ್ನು ಕುರಿತು ಬಲ್ಲವರು ಅನೇಕರಿದ್ದಾರೆ. ಅವುಗಳ ಬಗ್ಗೆ ತಿಳಿವಳಿಕೆಯೂ ಸಾಕಷ್ಟು ಪ್ರಚಾರದಲ್ಲಿದೆ. ಆದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಕುಳಿತು ಸದ್ದಿಲ್ಲದೆ ದುಡಿಯುವ ಗೇರ್‌ಬಾಕ್ಸಿನ ನೆನಪು ನಮಗೆ ಬರುವುದು ಅದು ಕೆಟ್ಟಾಗ ಮಾತ್ರ. ಅದರಲ್ಲಿಯೂ ಸ್ವಯಂಚಾಲಿತ ಗೇರ್‌ಬಾಕ್ಸು, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸು, ಅನೇಕರಿಗೆ ಇಂದಿಗೂ ಮುಚ್ಚಿದ ಪೆಟ್ಟಿಗೆಯೇ ಆಗಿದೆ.

ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ ಸಣ್ಣದು. ಟ್ರಕ್ಕಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಗೇರು ಮೆತ್ತಗೆ, ಎಳೆದಂತೆ ಬೀಳುತ್ತಿದ್ದರೆ, ಹಣ ಖರ್ಚುಮಾಡಿ ಅದನ್ನು ಬಿಗಿಗೊಳಿಸುವುದು ಸರಿಯೇ? ಈ ಪ್ರಶ್ನೆಯನ್ನು ಒಮ್ಮೆ ನನ್ನನ್ನೇ ಕೇಳಲಾಯಿತು. ನಾನು ಅವಸರದಿಂದ ಉತ್ತರ ಕೊಟ್ಟೆ. ಆ ಉತ್ತರದ ಪರಿಣಾಮವನ್ನು ಮುಂದೆ ತಿಳಿಸುತ್ತೇನೆ. ಅದಕ್ಕೆ ಮೊದಲು ಯಂತ್ರದ ಪರಿಚಯ ಅವಶ್ಯ.

ಟ್ರಕ್ಕು ಎಂದರೆ ಯಾವುದು?

ನಮ್ಮಲ್ಲಿ ಟ್ರಕ್ಕು ಎಂದೊಡನೆ ಸರಕು ಹೊರುವ ಲಾರಿ ಕಣ್ಣ ಮುಂದೆ ಬರುತ್ತದೆ. ಅಮೆರಿಕದಲ್ಲಿ ದಿನಬಳಕೆಯ ಮಾತಿನಲ್ಲಿ ಟ್ರಕ್ಕು ಎಂದರೆ ಬಹುಮಟ್ಟಿಗೆ ಪಿಕಪ್ ವಾಹನ. ಮುಂದೆ ಕುಳಿತುಕೊಳ್ಳುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ರೈತರು, ಬಡಗಿಗಳು, ಕಟ್ಟಡದ ಕೆಲಸದವರು, ರಜೆಯಲ್ಲಿ ಟ್ರೇಲರ್ ಎಳೆದುಕೊಂಡು ಹೋಗುವ ಸಂಸಾರಸ್ಥರು ಇದನ್ನು ಬಳಸುತ್ತಾರೆ. ಗೇರನ್ನು ಬಿಗಿಗೊಳಿಸುವ ಪದ್ಧತಿ ಹುಟ್ಟಿ ಬೆಳೆದುದು ಈ ವಾಹನಗಳ ಮತ್ತು ವೇಗದ ಕಾರುಗಳ ಸುತ್ತ.

ಜನರಲ್ ಮೋಟರ್ಸ್ ಸಂಸ್ಥೆಯು 1939ರಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿಗಾಗಿ, ಹೈಡ್ರಾಮ್ಯಾಟಿಕ್ ಎಂಬ ನಾಲ್ಕು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ಹಗುರ ಟ್ಯಾಂಕುಗಳಲ್ಲಿಯೂ ಬಳಸಲಾಯಿತು. 1954ರ ಹೊತ್ತಿಗೆ ಅದು ಪಿಕಪ್ ಟ್ರಕ್ಕುಗಳಿಗೂ ಬಂದಿತು. ಅದೇ ಸಂಸ್ಥೆ 1982ರಲ್ಲಿ 700ಆರ್4 ಎಂಬ ನಾಲ್ಕು ಗೇರಿನ ಪೆಟ್ಟಿಗೆಯನ್ನು ತಂದಿತು. 1990ರಲ್ಲಿ ಅದರ ಹೆಸರು 4ಎಲ್60 ಎಂದಾಯಿತು. 1993ರಿಂದ ವಿದ್ಯುನ್ಮಾನ ನಿಯಂತ್ರಣ ಪಡೆದು 4ಎಲ್60ಇ ಎಂದು ಕರೆಯಲ್ಪಟ್ಟಿತು. ಈ ಪೆಟ್ಟಿಗೆ ಲಕ್ಷಾಂತರ ಪಿಕಪ್‌ಗಳಲ್ಲಿ ಸೇರಿಕೊಂಡಿತು. ಆದುದರಿಂದ ನನ್ನ ವಿವರಣೆಗೆ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಗೇರು ಬೀಳುವ ಬಗೆ

ಸಾಮಾನ್ಯ ಗೇರಿನ ವಾಹನದಲ್ಲಿ ಚಾಲಕನು ಕಾಲಿನಿಂದ ಕ್ಲಚ್ ಒತ್ತಿ, ಕೈಯಿಂದ ಗೇರು ಬದಲಿಸಿ, ಮತ್ತೆ ಕ್ಲಚ್ ಬಿಡುತ್ತಾನೆ. ಆಟೋಮ್ಯಾಟಿಕ್ ಪೆಟ್ಟಿಗೆಯಲ್ಲಿ ಈ ಕಾಲಿನ ಮತ್ತು ಕೈಯ ಕೆಲಸವನ್ನು ಎಣ್ಣೆಯ ಒತ್ತಡ ಮಾಡುತ್ತದೆ. ಪೆಟ್ಟಿಗೆಯ ಒಳಗೆ ನಡುವೆ ಒಂದು ಹಲ್ಲಿನ ಚಕ್ರ, ಅದರ ಸುತ್ತ ಸೂರ್ಯನನ್ನು ಸುತ್ತುವ ಗ್ರಹಗಳಂತೆ ಸಣ್ಣ ಚಕ್ರಗಳು, ಹೊರಗೆ ಬಳೆಯಂತಹ ಒಂದು ಚಕ್ರ ಇರುತ್ತವೆ. ಇವುಗಳಲ್ಲಿ ಯಾವುದನ್ನು ತಿರುಗಲು ಬಿಡಬೇಕು, ಯಾವುದನ್ನು ಹಿಡಿದು ನಿಲ್ಲಿಸಬೇಕು ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ.

ಹಿಡಿದು ನಿಲ್ಲಿಸುವ ಕೆಲಸ ಎರಡು ಸಾಧನಗಳದು. ಒಂದು, ಕ್ಲಚ್ ಪ್ಲೇಟುಗಳ ಕಟ್ಟು. ಘರ್ಷಣೆಯ ಲೇಪವುಳ್ಳ ಬಿಲ್ಲೆಗಳನ್ನೂ ಉಕ್ಕಿನ ಬಿಲ್ಲೆಗಳನ್ನೂ ಒಂದಾದ ಮೇಲೊಂದರಂತೆ ಜೋಡಿಸಿ ಎಣ್ಣೆಯಲ್ಲಿ ಮುಳುಗಿಸಿರುತ್ತಾರೆ. ಇನ್ನೊಂದು, ಉರುಳೆಯನ್ನು ಸುತ್ತಿ ಬಿಗಿಯುವ ಪಟ್ಟಿ. ಇದಕ್ಕೆ ಬ್ಯಾಂಡ್ ಎಂದು ಹೆಸರು. ಎಣ್ಣೆಯ ಒತ್ತಡ ಬಂದಾಗ ಇವು ಹಿಡಿಯುತ್ತವೆ, ಒತ್ತಡ ಹೋದಾಗ ಬಿಡುತ್ತವೆ. ಎಣ್ಣೆ ಎಲ್ಲಿಗೆ, ಯಾವಾಗ, ಎಷ್ಟು ಹೋಗಬೇಕೆಂಬುದನ್ನು ತೀರ್ಮಾನಿಸುವ ಭಾಗವೇ ವಾಲ್ವ್ ಬಾಡಿ. ಸಣ್ಣ ಕಾಲುವೆಗಳು, ರಂಧ್ರಗಳು, ಕವಾಟಗಳು, ಸ್ಪ್ರಿಂಗುಗಳು ತುಂಬಿರುವ ಲೋಹದ ಹಲಗೆ ಅದು.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಒಂದನೆಯ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಎಂಜಿನ್ನಿನ ವೇಗ ಒಮ್ಮೆಲೇ ಇಳಿಯಬೇಕು. 4ಎಲ್60ಇ ಪೆಟ್ಟಿಗೆಯಲ್ಲಿ ಒಂದನೆಯ ಗೇರಿನ ಅನುಪಾತ 3.06, ಎರಡನೆಯದು 1.63. ಅಂದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಗೇರು ಬಿದ್ದರೆ ಅದು ಸುಮಾರು 1,600 ಸುತ್ತಿಗೆ ಬರಬೇಕು. ಈ ಇಳಿತ ಮುಗಿಯುವವರೆಗೆ ಬ್ಯಾಂಡು ಉರುಳೆಯ ಮೇಲೆ ಜಾರುತ್ತಲೇ ಹಿಡಿಯುತ್ತದೆ. ಜಾರಿಕೆ ಇರುವಷ್ಟು ಹೊತ್ತು ಉಷ್ಣ ಹುಟ್ಟುತ್ತದೆ.

ಬಾವಿಯಿಂದ ನೀರು ಸೇದಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತುಂಬಿದ ಕೊಡ ಕೈತಪ್ಪಿ ಕೆಳಗಿಳಿಯುತ್ತಿದೆ ಎನ್ನಿ. ಹಗ್ಗವನ್ನು ಸಡಿಲವಾಗಿ ಹಿಡಿದರೆ ಅದು ಜಾರಿ ಅಂಗೈ ಸುಡುತ್ತದೆ. ಒಮ್ಮೆಲೇ ಬಿಗಿಹಿಡಿದರೆ ಅಂಗೈ ಉಳಿಯುತ್ತದೆ, ಆದರೆ ತೋಳು ಉಳುಕುತ್ತದೆ. ಹಗ್ಗ ಹಳೆಯದಾಗಿದ್ದರೆ ಹರಿಯಲೂಬಹುದು. ಗೇರ್‌ಬಾಕ್ಸಿನಲ್ಲಿ ಮೃದುತ್ವದ ಬೆಲೆ ಉಷ್ಣ. ಬಿಗುವಿನ ಬೆಲೆ ಆಘಾತ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದೇ ನಮ್ಮ ಪ್ರಶ್ನೆ.

ತಯಾರಕರು ಮೃದುವಾಗಿಸಿದ್ದು ಏಕೆ?

ವಾಹನ ಕೊಳ್ಳುವವನಿಗೆ ಮೊದಲು ಅನುಭವಕ್ಕೆ ಬರುವುದು ಸುಖ. ಗೇರು ಬಿದ್ದದ್ದೇ ತಿಳಿಯಬಾರದು ಎಂಬುದು ಬಹುಕಾಲ ಒಳ್ಳೆಯ ಆಟೋಮ್ಯಾಟಿಕ್ ವಾಹನದ ಲಕ್ಷಣವೆನಿಸಿತ್ತು. ಇದಕ್ಕಾಗಿ ತಯಾರಕರು ಅಕ್ಯುಮುಲೇಟರ್ ಎಂಬ ಸಾಧನವನ್ನು ಇಟ್ಟರು. ಸ್ಪ್ರಿಂಗಿನ ಆಧಾರವುಳ್ಳ ಒಂದು ಪಿಸ್ಟನ್ ಅದು. ಹಿಡಿತಕ್ಕೆ ಹೋಗುವ ಎಣ್ಣೆಯಲ್ಲಿ ಒಂದು ಪಾಲನ್ನು ತಾನು ತೆಗೆದುಕೊಂಡು, ಒತ್ತಡವು ಮೆಲ್ಲಮೆಲ್ಲನೆ ಏರುವಂತೆ ಅದು ನೋಡಿಕೊಳ್ಳುತ್ತದೆ. ಇದಲ್ಲದೆ ವಿದ್ಯುನ್ಮಾನ ಪೆಟ್ಟಿಗೆಗಳಲ್ಲಿ ಗೇರು ಬೀಳುವ ಕ್ಷಣದಲ್ಲಿ ಕಂಪ್ಯೂಟರು ಎಂಜಿನ್ನಿನ ಕಿಡಿಯನ್ನು ಸ್ವಲ್ಪ ತಡವಾಗಿಸಿ ಅದರ ಬಲವನ್ನು ಕುಗ್ಗಿಸುತ್ತದೆ.

ಈ ಮೃದುತ್ವ ಕೇವಲ ಸುಖಕ್ಕಾಗಿ ಅಲ್ಲ ಎಂಬುದನ್ನು ಮರೆಯಬಾರದು. ಅದು ಪೆಟ್ಟಿಗೆಯ ಒಳಭಾಗಗಳನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ಹಿಂದಿನ ಆಕ್ಸಲಿನ ಹಲ್ಲುಗಳನ್ನೂ ಹೊಡೆತದಿಂದ ಕಾಪಾಡುತ್ತದೆ.

ಶಿಫ್ಟ್ ಕಿಟ್ ಎಂಬುದೇನು?

ಗೇರನ್ನು ಬಿಗಿಗೊಳಿಸಲು ಮಾರುಕಟ್ಟೆಯಲ್ಲಿ ದೊರೆಯುವ ಬಿಡಿಭಾಗಗಳ ಪೊಟ್ಟಣಕ್ಕೆ ಶಿಫ್ಟ್ ಕಿಟ್ ಎಂದು ಹೆಸರು. ಅದರಲ್ಲಿ ಗಡುಸಾದ ಸ್ಪ್ರಿಂಗುಗಳು, ಒತ್ತಡವನ್ನು ಹೆಚ್ಚಿಸುವ ಕವಾಟ, ಕೆಲವು ಗುಂಡುಗಳು ಇರುತ್ತವೆ. ವಾಲ್ವ್ ಬಾಡಿಗೆ ತಾಗಿರುವ ತಗಡಿನ ರಂಧ್ರಗಳನ್ನು ನಿಗದಿತ ಅಳತೆಗೆ ದೊಡ್ಡದು ಮಾಡಲು ಸೂಚನೆಗಳೂ ಇರುತ್ತವೆ. ಆಯಿಲ್ ಪ್ಯಾನ್ ಇಳಿಸಿ ವಾಲ್ವ್ ಬಾಡಿಯನ್ನು ಬಿಚ್ಚಿ ಇವನ್ನು ಅಳವಡಿಸುತ್ತಾರೆ. ಸಾಮಾನ್ಯವಾಗಿ ಪೆಟ್ಟಿಗೆಯನ್ನೇ ವಾಹನದಿಂದ ಇಳಿಸಬೇಕಾಗಿಲ್ಲ. ಬ್ಯಾಂಡನ್ನು ಒತ್ತುವ ಸರ್ವೊ ಪಿಸ್ಟನ್ನನ್ನು ಬದಲಿಸಿ ಹೆಚ್ಚು ವಿಸ್ತಾರವುಳ್ಳದ್ದನ್ನು ಹಾಕುವುದೂ ಉಂಟು. ವಿಸ್ತಾರ ಹೆಚ್ಚಿದರೆ ಅದೇ ಎಣ್ಣೆಯ ಒತ್ತಡಕ್ಕೆ ಬಿಗಿಯುವ ಬಲ ಹೆಚ್ಚುತ್ತದೆ.

ಇವೆಲ್ಲದರ ಪರಿಣಾಮ ಒಂದೇ: ಜಾರಿಕೆಯ ಅವಧಿ ಕಡಿಮೆಯಾಗುತ್ತದೆ. ಹೊರೆ ಹೊತ್ತು ಪದೇ ಪದೇ ಗೇರು ಬದಲಿಸುವ ವಾಹನದಲ್ಲಿ ಕ್ಲಚ್ಚು ಮತ್ತು ಬ್ಯಾಂಡು ಸವೆಯುವುದು ತಗ್ಗುತ್ತದೆ. ಇದು ನಿಜವಾದ ಲಾಭ.

ಆದರೆ ಲಾಭಕ್ಕೆ ಮಿತಿಯಿದೆ. ಗೇರು ಬೀಳುವಾಗ ಹುಟ್ಟುವ ಉಷ್ಣದಲ್ಲಿ ಎರಡು ಪಾಲುಗಳಿವೆ. ಎಂಜಿನ್ ಆ ಹೊತ್ತಿನಲ್ಲಿ ತಳ್ಳುತ್ತಿರುವ ಬಲದಿಂದ ಬರುವುದು ಒಂದು ಪಾಲು. ಅವಧಿ ಅರ್ಧವಾದರೆ ಇದು ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಿರುಗುತ್ತಿರುವ ಎಂಜಿನ್ನಿನ ತೂಕವನ್ನು ನಿಧಾನಗೊಳಿಸುವುದರಿಂದ ಬರುವುದು ಇನ್ನೊಂದು ಪಾಲು. ಬೇಗ ಹಿಡಿದರೂ ತಡವಾಗಿ ಹಿಡಿದರೂ ಇದನ್ನು ತಪ್ಪಿಸಲಾಗದು.

ಇದಕ್ಕಿಂತ ಮುಖ್ಯವಾದ ಮಾತು ಮತ್ತೊಂದಿದೆ. ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ ಗೇರ್‌ಬಾಕ್ಸಿನ ಎಣ್ಣೆ ಕಾಯುವುದು ಬಹುಪಾಲು ಗೇರು ಬದಲಾವಣೆಯಿಂದಲ್ಲ, ಟಾರ್ಕ್ ಕನ್ವರ್ಟರಿನಿಂದ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಈ ಭಾಗವು, ಅದರ ಒಳಗಿನ ಲಾಕು ಹಿಡಿಯದಿರುವಾಗ ಸತತವಾಗಿ ಜಾರುತ್ತಿರುತ್ತದೆ. ಶಿಫ್ಟ್ ಕಿಟ್ಟಿನಿಂದ ಈ ಉಷ್ಣ ಕಡಿಮೆಯಾಗುವುದಿಲ್ಲ. ಇದಕ್ಕೆ ಪರಿಹಾರ ಪ್ರತ್ಯೇಕ ಆಯಿಲ್ ಕೂಲರ್ ಮತ್ತು ಏರಿನಲ್ಲಿ ಕೆಳಗಿನ ಗೇರನ್ನು ಆರಿಸಿಕೊಳ್ಳುವ ವಿವೇಕ. ಎಣ್ಣೆಯ ಉಷ್ಣತೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿದ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೆ ಅದರ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರು ಹೇಳುವ ಸ್ಥೂಲ ಲೆಕ್ಕ. ಕರಾರುವಾಕ್ಕಾಗಿ ಅಲ್ಲದಿದ್ದರೂ ಎಚ್ಚರಿಕೆಯ ಮಾತಾಗಿ ಇದು ನೆನಪಿಡತಕ್ಕದ್ದು.

ಅತಿಯಾದ ಬಿಗುವಿನ ಅಪಾಯ

ಬಿಗುವು ಹೆಚ್ಚಾದಂತೆ ಹೊಡೆತ ಹೆಚ್ಚುತ್ತದೆ. 4ಎಲ್60ಇ ಪೆಟ್ಟಿಗೆಯಲ್ಲಿ ಸನ್ ಶೆಲ್ ಎಂಬ ಉಕ್ಕಿನ ತಗಡಿನ ಬಟ್ಟಲಿನಂತಹ ಭಾಗವಿದೆ. ಅದು ಮುರಿದರೆ ಎರಡನೆಯ ಗೇರು, ನಾಲ್ಕನೆಯ ಗೇರು ಮತ್ತು ರಿವರ್ಸ್ ಮೂರೂ ಒಟ್ಟಿಗೆ ಹೋಗುತ್ತವೆ. ಇದು ಆ ಪೆಟ್ಟಿಗೆಯ ಪ್ರಸಿದ್ಧ ದುರ್ಬಲ ಸ್ಥಾನ. ಪ್ರತಿ ಗೇರಿಗೂ ಹೊಡೆತ ಕೊಟ್ಟರೆ ಇಂತಹ ಭಾಗಗಳಿಗೆ ಹಾನಿ ಬೇಗ ಬರುತ್ತದೆ.

ಸುರಕ್ಷತೆಯ ದೃಷ್ಟಿಯೂ ಇದೆ. ಪಿಕಪ್ ವಾಹನದ ತೊಟ್ಟಿ ಬರಿದಾಗಿದ್ದಾಗ ಹಿಂದಿನ ಚಕ್ರಗಳ ಮೇಲೆ ತೂಕ ಕಡಿಮೆ. ಮಳೆಯಲ್ಲಿಯೋ ಹಿಮದಲ್ಲಿಯೋ ತಿರುವಿನಲ್ಲಿ ಹೋಗುತ್ತಿರುವಾಗ ಗೇರು ಝಾಡಿಸಿದಂತೆ ಬಿದ್ದರೆ ಆ ಚಕ್ರಗಳು ಹಿಡಿತ ತಪ್ಪಿ ಜಾರಬಹುದು.

ಬಿಗುವು ಎಂದರೆ ಯಾವಾಗಲೂ ಆರೋಗ್ಯವಲ್ಲ ಎಂಬುದಕ್ಕೂ ಒಂದು ನಿದರ್ಶನವಿದೆ. ಇದೇ ಪೆಟ್ಟಿಗೆಯಲ್ಲಿ ಒತ್ತಡ ನಿಯಂತ್ರಿಸುವ ವಿದ್ಯುತ್ ಕವಾಟಕ್ಕೆ ಹೋಗುವ ತಂತಿ ಕಡಿದರೆ ಒತ್ತಡ ಗರಿಷ್ಠಕ್ಕೆ ಏರುತ್ತದೆ. ಗೇರುಗಳು ಕಲ್ಲೆತ್ತಿ ಹಾಕಿದಂತೆ ಬೀಳುತ್ತವೆ. ದೋಷ ಬಂದಾಗ ಕ್ಲಚ್ಚು ಸುಡದಿರಲಿ ಎಂದು ತಯಾರಕರೇ ಮಾಡಿರುವ ಏರ್ಪಾಡು ಅದು.

ನಾನು ಮಾಡಿದ ತಪ್ಪು

ಈಗ ಮೊದಲು ಹೇಳಿದ ಸಂಗತಿಗೆ ಬರುತ್ತೇನೆ. ನನ್ನ ತಂಗಿಯ ಮಗ ಅಮೆರಿಕದ ಡೆನ್ವರ್ ನಗರದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನು ಹಳೆಯ ಪಿಕಪ್ ಒಂದನ್ನು ಕೊಂಡ. ರಜೆಯ ದಿನಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಟ್ರೇಲರ್ ಎಳೆದುಕೊಂಡು ಬೆಟ್ಟಗಳಿಗೆ ಹೋಗುವುದು ಅವನ ಅಭ್ಯಾಸ. ಒಂದು ದಿನ ದೂರವಾಣಿಯಲ್ಲಿ ಕೇಳಿದ: "ಮಾವ, ಗೇರು ತುಂಬ ಮೆತ್ತಗೆ ಬೀಳುತ್ತಿದೆ. ಇಲ್ಲಿಯ ಗ್ಯಾರೇಜಿನವರು ಶಿಫ್ಟ್ ಕಿಟ್ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ, ಬೇಡವೇ?"

ನಾನು ಯಂತ್ರಶಾಸ್ತ್ರ ಓದಿದವನು. ಜಾರಿಕೆ ಕಡಿಮೆಯಾದರೆ ಉಷ್ಣ ಕಡಿಮೆ ಎಂಬ ಸೂತ್ರ ನಾಲಿಗೆಯ ತುದಿಯಲ್ಲಿತ್ತು. "ಹಾಕಿಸಪ್ಪ, ಒಳ್ಳೆಯದೇ" ಎಂದುಬಿಟ್ಟೆ. ಗೇರು ಮೊದಲಿನಿಂದಲೂ ಮೆತ್ತಗಿತ್ತೋ, ಇತ್ತೀಚೆಗೆ ಹಾಗಾಯಿತೋ ಎಂದು ಕೇಳಲಿಲ್ಲ. ಎಣ್ಣೆಯ ಬಣ್ಣ ಹೇಗಿದೆ ಎಂದೂ ಕೇಳಲಿಲ್ಲ.

ಕಿಟ್ ಹಾಕಿಸಿದ ಮೇಲೆ ಒಂದರಿಂದ ಎರಡನೆಯ ಗೇರು ಚೊಕ್ಕವಾಗಿ ಬೀಳತೊಡಗಿತು. ಅವನಿಗೆ ಸಂತೋಷವಾಯಿತು, ನನಗೂ ಆಯಿತು. ಮೂರು ತಿಂಗಳ ನಂತರ ಅಕ್ಟೋಬರಿನ ಒಂದು ಸಂಜೆ, ಡೆನ್ವರಿನ ಪಶ್ಚಿಮಕ್ಕೆ ಐಸೆನ್‌ಹೋವರ್ ಸುರಂಗದ ಕಡೆಗೆ ಏರುತ್ತಿದ್ದಾಗ ಮೂರನೆಯ ಗೇರು ಹಿಡಿಯಲಿಲ್ಲ. ಎಂಜಿನ್ ಕೂಗುತ್ತಿತ್ತು, ಗಾಡಿ ನಿಧಾನವಾಗುತ್ತಿತ್ತು. ನಮ್ಮ ಖಂಡಾಳಾ ಘಾಟು ಹತ್ತಿ ಲೋಣಾವಳಾ ಸೇರಿದರೆ ಸುಮಾರು 620 ಮೀಟರ್ ಎತ್ತರ. ಆ ಸುರಂಗ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಹಿಂದೆ ದೊಡ್ಡ ಲಾರಿಗಳು, ಎಳೆಯುತ್ತಿರುವುದು ಟ್ರೇಲರ್, ಒಳಗೆ ಇಬ್ಬರು ಸಣ್ಣ ಮಕ್ಕಳು. ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಎಳೆದೊಯ್ಯುವ ವಾಹನ ಬರುವವರೆಗೆ ಮೂರು ಗಂಟೆಗಳ ಕಾಲ ಅವರು ಚಳಿಯಲ್ಲಿ ಕಾದರು. ಯಾರಿಗೂ ಅಪಾಯವಾಗಲಿಲ್ಲ ಎಂಬುದೇ ಭಾಗ್ಯ.

ಪೆಟ್ಟಿಗೆ ಬಿಚ್ಚಿದಾಗ ಕಾರಣ ತಿಳಿಯಿತು. ಮೂರನೆಯ ಗೇರಿನ ಕ್ಲಚ್ಚನ್ನು ಒತ್ತುವ ಪಿಸ್ಟನ್ನಿನ ರಬ್ಬರ್ ಸೀಲು ಗಡುಸಾಗಿ ಬಿರಿದು, ಎಣ್ಣೆ ಬಹುದಿನಗಳಿಂದ ಸೋರುತ್ತಿತ್ತು. ಪ್ಲೇಟುಗಳು ಸುಟ್ಟು ಕಪ್ಪಾಗಿದ್ದವು. ಮೆತ್ತನೆಯ ಗೇರು ಆ ರೋಗದ ಲಕ್ಷಣವಾಗಿತ್ತು. ನಾವು ಲಕ್ಷಣವನ್ನು ಅಡಗಿಸಿದೆವು. ರೋಗ ಒಳಗೇ ಬೆಳೆಯಿತು. ಕಿಟ್ಟಿನ ತಪ್ಪು ಇದರಲ್ಲಿ ಇರಲಿಲ್ಲ. ಕೇಳದೆ ಹೇಳಿದ ಉತ್ತರದ ತಪ್ಪು ಇತ್ತು. ಅದರಲ್ಲಿ ನನ್ನ ಪಾಲೂ ಉಂಟು.

ನಿರ್ಧಾರಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಅಂದಿನಿಂದ ಯಾರು ಈ ವಿಷಯ ಕೇಳಿದರೂ ನಾನು ಕೆಲವು ಪ್ರಶ್ನೆಗಳನ್ನು ಮುಂದಿಡುತ್ತೇನೆ.

ಒಂದು: ಈ ಮೃದುತ್ವ ಹುಟ್ಟಿನಿಂದ ಬಂದುದೇ, ನಡುವೆ ಬಂದುದೇ? ಹೊಸದರಲ್ಲಿಯೂ ಹೀಗೆಯೇ ಇದ್ದರೆ ಅದು ವಿನ್ಯಾಸ. ಇತ್ತೀಚೆಗೆ ಹೀಗಾಗಿದ್ದರೆ ಅದು ದೋಷ. ಮೊದಲು ದೋಷವನ್ನು ಹುಡುಕತಕ್ಕದ್ದು. 700ಆರ್4ನಂತಹ ಹಳೆಯ ಪೆಟ್ಟಿಗೆಗಳಲ್ಲಿ ಆಕ್ಸಿಲರೇಟರಿನೊಂದಿಗೆ ಜೋಡಿಸಿದ ಒಂದು ಕೇಬಲ್ಲು ಎಣ್ಣೆಯ ಒತ್ತಡವನ್ನು ನಿರ್ಧರಿಸುತ್ತದೆ. ಅದರ ಅಳತೆ ತಪ್ಪಿದರೂ ಸಾಕು, ಒತ್ತಡ ಇಳಿದು ಕ್ಲಚ್ಚು ಸುಡುತ್ತದೆ. ಅಲ್ಲಿ ಬೇಕಾದುದು ಕಿಟ್ಟಲ್ಲ, ಕೇಬಲ್ಲನ್ನು ಸರಿಪಡಿಸುವುದು.

ಎರಡು: ಎಣ್ಣೆಯ ಸ್ಥಿತಿ ಏನು? ಆಟೋಮ್ಯಾಟಿಕ್ ಪೆಟ್ಟಿಗೆಯ ಎಣ್ಣೆ ಹೊಸದರಲ್ಲಿ ಸಾಮಾನ್ಯವಾಗಿ ಕೆಂಪಾಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ಚು ಸುಡುತ್ತಿದೆ ಎಂದು ಅರ್ಥ. ಆಯಿಲ್ ಪ್ಯಾನ್ ಇಳಿಸಿದಾಗ ಅಯಸ್ಕಾಂತದ ಮೇಲೆ ನಯವಾದ ಬೂದು ಕೆಸರು ಇದ್ದರೆ ಅದು ಸಹಜ. ಲೋಹದ ಚೂರುಗಳಿದ್ದರೆ ಒಳಗೆ ಏನೋ ಮುರಿಯುತ್ತಿದೆ. ಅಂತಹ ಪೆಟ್ಟಿಗೆಗೆ ಕಿಟ್ ಹಾಕುವುದು ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ.

ಮೂರು: ವಾಹನದ ಕೆಲಸ ಯಾವುದು? ಊರೊಳಗೆ ಬರಿದೇ ಓಡಾಡುವುದಾದರೆ ಕಾರ್ಖಾನೆಯ ಮೃದುತ್ವವೇ ಸಾಕು. ಹೊರೆ ಹೊತ್ತು, ಟ್ರೇಲರ್ ಎಳೆದು ದುಡಿಯುವುದಾದರೆ ಹಿತಮಿತವಾದ ಬಿಗುವು ಉಪಯುಕ್ತ. ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಹಂತಗಳಿರುತ್ತವೆ. ದುಡಿಯುವ ವಾಹನಕ್ಕೆ ಕೆಳಗಿನ ಹಂತವೇ ಯೋಗ್ಯ; ಪಂದ್ಯದ ಕಾರಿಗೆ ಮಾಡಿದ ಹಂತ ಅದಕ್ಕೆ ಬೇಡ.

ನಾಲ್ಕು: ಕೂಲರ್ ಇದೆಯೇ? ಕೈಯಲ್ಲಿರುವ ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುವುದಾದರೆ, ಟ್ರೇಲರ್ ಎಳೆಯುವವನು ಮೊದಲು ಕೂಲರ್ ಹಾಕಿಸಲಿ.

ಐದು: ವಾಹನದಲ್ಲಿಯೇ ಇದಕ್ಕೆ ವ್ಯವಸ್ಥೆಯಿದೆಯೇ? ಅನೇಕ ಪಿಕಪ್‌ಗಳಲ್ಲಿ ಹೊರೆಯ ಪ್ರಯಾಣಕ್ಕೆಂದೇ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಗೇರು ತಡವಾಗಿ, ಬಿಗಿಯಾಗಿ ಬೀಳುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಮೊದಲು ಬಳಸಿನೋಡುವುದು ಲೇಸು.

ಆರು: ವಾರಂಟಿ ಇದೆಯೇ? ಇದ್ದರೆ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಅದರ ಷರತ್ತುಗಳನ್ನು ಓದತಕ್ಕದ್ದು.

ಹೊಸ ಕಾಲದ ವಾಹನಗಳಲ್ಲಿ ಈ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. 2017ರಿಂದ ಅಮೆರಿಕದ ಪಿಕಪ್‌ಗಳಿಗೆ ಹತ್ತು ಗೇರಿನ ಪೆಟ್ಟಿಗೆಗಳು ಬಂದಿವೆ. ಗೇರುಗಳ ನಡುವಿನ ಅಂತರ ಕಿರಿದಾದುದರಿಂದ ಪ್ರತಿ ಬದಲಾವಣೆಯ ಹೊರೆಯೂ ಕಡಿಮೆ. ಪ್ರತಿ ಗೇರು ಬೀಳಲು ಹಿಡಿದ ಕಾಲವನ್ನು ಕಂಪ್ಯೂಟರು ಅಳೆದು ಒತ್ತಡವನ್ನು ತಾನೇ ತಿದ್ದಿಕೊಳ್ಳುತ್ತದೆ.

ನಮ್ಮ ದೇಶದ ಮಟ್ಟಿಗೆ

ಇಲ್ಲಿ ಕುಳಿತಿರುವವರಲ್ಲಿ ಸಾರಿಗೆ ವೃತ್ತಿಯ ಬಂಧುಗಳೂ ಇದ್ದೀರಿ. ತಮಗೆ ಒಂದು ಮಾತು. ನಮ್ಮ ದೇಶದ ಲಾರಿಗಳಲ್ಲಿ ಮತ್ತು ಅಗ್ಗದ ಕಾರುಗಳಲ್ಲಿ ಆಟೋಮ್ಯಾಟಿಕ್ ಎಂದು ಮಾರಾಟವಾಗುವುದು ಬಹುಮಟ್ಟಿಗೆ ಎಎಂಟಿ ಎಂಬ ಬೇರೆ ಬಗೆ. ಅದರಲ್ಲಿರುವುದು ಸಾಮಾನ್ಯ ಗೇರ್‌ಬಾಕ್ಸು ಮತ್ತು ಸಾಮಾನ್ಯ ಒಣ ಕ್ಲಚ್ಚು. ಚಾಲಕನ ಕೈಕಾಲಿನ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ನಾನು ವಿವರಿಸಿದ ಶಿಫ್ಟ್ ಕಿಟ್ ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಗೇರು ಎಳೆದಂತಾದರೆ ಕ್ಲಚ್ ಸವೆದಿದೆಯೇ ಎಂದು ಪರೀಕ್ಷಿಸಿ, ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕಂಪ್ಯೂಟರಿನ ಹೊಂದಾಣಿಕೆ ಮಾಡಿಸಬೇಕು.

ಟಾರ್ಕ್ ಕನ್ವರ್ಟರ್ ಉಳ್ಳ ಪಿಕಪ್‌ಗಳೂ ಈಗ ನಮ್ಮಲ್ಲಿ ದೊರೆಯುತ್ತವೆ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೊಟಾ ಹೈಲಕ್ಸ್ ಇದಕ್ಕೆ ಉದಾಹರಣೆ. ಇಂತಹ ವಾಹನ ಉಳ್ಳವರು ತಯಾರಕರು ಹೇಳಿದ ಜಾತಿಯ ಎಣ್ಣೆಯನ್ನೇ ಬಳಸಲಿ. ಘಾಟಿನಲ್ಲಿ ಕೆಳಗಿನ ಗೇರನ್ನು ಕೈಯಿಂದ ಆರಿಸಿಕೊಳ್ಳಲಿ. ವಾಹನದ ಮೂಲ ವಿವರಗಳು ನೋಂದಣಿ ಪತ್ರಕ್ಕೆ ಹೊಂದದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ ಎಂಬುದನ್ನೂ, ಯಾವ ಮಾರ್ಪಾಡಿನ ಮಾತು ಬಂದರೂ, ನೆನಪಿನಲ್ಲಿ ಇಡತಕ್ಕದ್ದು.

ಮುಕ್ತಾಯ

ನನ್ನ ಸೋದರಳಿಯನ ಪಿಕಪ್ಪಿನ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಹೊಸ ಸೀಲು, ಹೊಸ ಪ್ಲೇಟುಗಳನ್ನು ಹಾಕಿ ಕಟ್ಟಲಾಯಿತು. ಆಗ ಪ್ರತ್ಯೇಕ ಆಯಿಲ್ ಕೂಲರನ್ನೂ ಉಷ್ಣತೆ ತೋರಿಸುವ ಮೀಟರನ್ನೂ ಜೋಡಿಸಿದರು. ಶಿಫ್ಟ್ ಕಿಟ್ಟನ್ನು ತೆಗೆಯಲಿಲ್ಲ. ಅದರ ಕೆಳಗಿನ ಹಂತಕ್ಕೆ ಇಳಿಸಿದರು. ಅದೇ ಕಿಟ್ಟು ಆರೋಗ್ಯವಂತ ಪೆಟ್ಟಿಗೆಯಲ್ಲಿ ಇಂದು ಒಳ್ಳೆಯ ಕೆಲಸ ಮಾಡುತ್ತಿದೆ. ಗೇರು ಬಿದ್ದದ್ದು ತಿಳಿಯುತ್ತದೆ, ಆದರೆ ಮಡಿಲಲ್ಲಿ ಮಲಗಿದ ಮಗುವಿಗೆ ಎಚ್ಚರವಾಗುವುದಿಲ್ಲ ಎಂದು ಅವನು ಹೇಳುತ್ತಾನೆ. ಬಿಗುವು ಎಷ್ಟಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಯನ್ನು ನಾನು ಕಂಡಿಲ್ಲ.

ಆದುದರಿಂದ, ಬಂಧುಗಳೇ, ಗೇರನ್ನು ಬಿಗಿಗೊಳಿಸುವುದು ತಪ್ಪಲ್ಲ. ಮೊದಲು ಎಣ್ಣೆಯ ಕಡ್ಡಿಯನ್ನು ಹೊರಗೆಳೆದು ಬಣ್ಣ ನೋಡಿ, ಮೂಸಿ ನೋಡಿ. ಆಮೇಲೆ ಹಣದ ಚೀಲಕ್ಕೆ ಕೈ ಹಾಕಿ. ಬಿಗುವನ್ನು ಬಯಸುವ ಮೊದಲು ಸಡಿಲವಾದದ್ದು ಏಕೆಂದು ತಿಳಿಯಿರಿ.